ಎಲೆ ಸಂಚಿಯಲ್ಲಿ ಖಾಯಂ ಚೀಟಿ

ನಮ್ಮ ಅಡುಗೆ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಆ ಮೊಳೆಗೆ ಒಂದು ಎಲೆ ಸಂಚಿ ತೂಗು ಹಾಕಿದ್ದೇನೆ. ನೀವು ನಮ್ಮ ಗದಗ ಕಡೆಯವರಾಗಿದ್ದರೆ ಸಂಚಿ ಎಂದರೇನು ಎಂದು ಹೇಳಬೇಕಾಗಿಲ್ಲ. ನಿಮ್ಮ ಅಜ್ಜಿಯ ಸೊಂಟದಲ್ಲೂ ಒಂದು ಇದ್ದಿರುತ್ತದೆ. ಬೇರೆ ಕಡೆಯವರಾದರೆ ಕೇಳಿ. ಅದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಟ್ಟೆಯ ಚೀಲ. ಒಳಗೆ ಒಂದರ ಬೆನ್ನಿಗೊಂದು ನಾಲ್ಕು ಕಿಸೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಕೊನೆಯದರಲ್ಲಿ ಲವಂಗ, ಯಾಲಕ್ಕಿ ಮತ್ತು ಮಕ್ಕಳಿಗೆ ಇದೇನೆಂದು ಹೇಳದ ಒಂದೆರಡು ಸಾಮಾನು. ಬಾಯಿಗೆ ದಾರ. ಎಳೆದರೆ ಮುಚ್ಚಿತು.

ಈ ಸಂಚಿ ನಾನೇ ಹೊಲಿದದ್ದು. ಬೆಟಗೇರಿಯ ನಮ್ಮ ಓಣಿಯಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜಂಪರು ಹೊಲಿಯುತ್ತೇನೆ. ಓಣಿಯ ಅರ್ಧ ಹೆಣ್ಣುಮಕ್ಕಳ ಅಳತೆ ನನಗೆ ಬಾಯಿಪಾಠ; ಯಾರು ಯಾವ ವರ್ಷದಿಂದ ದಪ್ಪವಾದರು ಎಂಬುದೂ ಗೊತ್ತು, ಹೇಳುವುದಿಲ್ಲ. ಗಿರಾಕಿಗಳ ಇಳಕಲ್ ಸೆರಗು, ಖಣ ಇವುಗಳಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಈ ಸಂಚಿ ಮಾಡಿದೆ. ನನ್ನ ಕೈಯ ಕೆಲಸಗಳಲ್ಲಿ ಸಮುದ್ರ ದಾಟಿದ್ದು ಇದೊಂದೇ. ನಾನು ಬೆಂಗಳೂರು ನೋಡಿದ್ದು ಜನ್ಮದಲ್ಲಿ ಒಂದು ಸಲ, ಅದೂ ಈ ಸಂಚಿಯ ದೆಸೆಯಿಂದ. ಸಂಚಿ ಮಾತ್ರ ಐದು ಸಲ ಕೆನಡಾಕ್ಕೆ ಹೋಗಿ ಬಂದಿದೆ.

ಸಂಚಿ ನಮ್ಮವ್ವನದು. ಅವ್ವ ತೀರಿಕೊಂಡು ವರ್ಷವಾಗುತ್ತ ಬಂತು. ನಾನು ಮಷಿನ್ ತುಳಿಯುತ್ತ ಕುಳಿತಾಗ ಗಾಳಿಗೆ ಬಾಗಿಲು ಅಲ್ಲಾಡಿದರೆ ಒಳಗಿನ ಖಾಲಿ ಸುಣ್ಣದ ಡಬ್ಬಿ ಟಕ್ ಎಂದು ಹಲಗೆಗೆ ಬಡಿಯುತ್ತದೆ. ತಿರುಗಿ ನೋಡಬಾರದು ಎಂದುಕೊಳ್ಳುತ್ತೇನೆ. ನೋಡುತ್ತೇನೆ.

ಅವ್ವನ ಹೆಸರು ಫಕ್ಕೀರವ್ವ. ಮುಂಡರಗಿ ತಾಲೂಕಿನ ಹೊಳೆದಂಡೆಯ ಹಮ್ಮಿಗಿ ಅವಳ ತವರು. ಅವಳಿಗಿಂತ ಮೊದಲು ಹುಟ್ಟಿದ ಎರಡು ಕೂಸು ಉಳಿಯಲಿಲ್ಲವೆಂದು ನಮ್ಮ ಅಜ್ಜಿ ಶಿರಹಟ್ಟಿಯ ಫಕೀರ ಸ್ವಾಮಿಗಳ ಮಠಕ್ಕೆ ಹರಕೆ ಹೊತ್ತಳಂತೆ. ಇವಳು ಉಳಿದಳು, ಫಕ್ಕೀರವ್ವ ಎಂದು ಹೆಸರಾಯಿತು. ನಮ್ಮ ಕಡೆ ಹಿಂದೂಗಳ ಮನೆಯಲ್ಲೂ ಮನೆಗೊಬ್ಬರು ಫಕ್ಕೀರಪ್ಪ, ಫಕ್ಕೀರವ್ವ ಇದ್ದೇ ಇರುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಆ ಹೆಸರನ್ನು ರೇಶನ್ ಕಾರ್ಡಿನಲ್ಲಿ ಪಕೀರವ್ವ ಎಂದೂ ಮತದಾರರ ಚೀಟಿಯಲ್ಲಿ ಪಕ್ಕಿರಮ್ಮ ಎಂದೂ ಬರೆದಿದ್ದರು. ಸಾಲದ್ದಕ್ಕೆ ಒಂದರಲ್ಲಿ ಜಿಲ್ಲೆ ಧಾರವಾಡ, ಇನ್ನೊಂದರಲ್ಲಿ ಗದಗ. ನಮ್ಮದು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಅಪ್ಪ ತೀರಿದ ಮೇಲೆ ಅವ್ವ ಲಕ್ಷ್ಮೇಶ್ವರದ ಬಾಡಿಗೆ ಮನೆ ಬಿಟ್ಟು ನನ್ನ ಮನೆಗೆ ಬಂದಿದ್ದಳು. ಅವಳ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರೊಬ್ಬರು ಬೆಟಗೇರಿಗೆ ಬಂದು ಈ ಕಾಗದಗಳನ್ನು ಎದುರಿಗೆ ಹರವಿ ಕುಳಿತರು.

"ಇದರಾಗ ಧಾರವಾಡ ಜಿಲ್ಲಾ ಅಂತೈತಿ, ಅದರಾಗ ಗದಗ ಅಂತೈತಿ. ಯಾವುದು ಖರೆ ಯವ್ವಾ?"

"ಎರಡೂ ಖರೆರಿ ಸಾಹೇಬ್ರ. ನಾ ಹುಟ್ಟಿದಲ್ಲೆ ಇದ್ದೆ. ಜಿಲ್ಲಾನ ಎದ್ದು ಗದಗಕ್ಕ ಬಂತು."

"ಹುಟ್ಟಿದ ತಾರೀಖು?"

"ಹೊಳಿ ಬಂದ ವರ್ಷರಿ."

"ಹೊಳಿ ವರ್ಷಾ ಬರತೈತಲ್ಲಬೇ."

"ಮನಿ ಮೆಟ್ಲಕ್ಕ ಬಂದ ವರ್ಷರಿ. ನಮ್ಮವ್ವ ಅಟ್ಟದ ಮ್ಯಾಲೆ ಹಡದ್ಲಂತ."

ಪೊಲೀಸರು ನಕ್ಕು, ಚಹಾ ಕುಡಿದು ಹೋದರು. ಪಾಸ್‌ಪೋರ್ಟಿನಲ್ಲಿ ಅವ್ವ ಜೂನ್ ಒಂದನೇ ತಾರೀಖು ಹುಟ್ಟಿದಳು. ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಹುಟ್ಟುವುದು ಅದೇ ದಿನ. ನಾನೂ ಶಾಲೆಯ ದಾಖಲೆಯಲ್ಲಿ ಅದೇ ದಿನ ಹುಟ್ಟಿದ್ದೇನೆ. ಅವ್ವ ಮಗಳ ಹುಟ್ಟುಹಬ್ಬ ಒಂದೇ ದಿನ ಬರುವ ಭಾಗ್ಯ ಎಷ್ಟು ಜನರಿಗಿದೆ ಹೇಳಿ.

ಅವ್ವ ಕೆನಡಾಕ್ಕೆ ಯಾಕೆ ಹೋದಳು ಎಂದು ಇನ್ನೂ ಹೇಳಲೇ ಇಲ್ಲ. ಅಲ್ಲಿ ನಮ್ಮ ಅಕ್ಕ ಇದ್ದಾಳೆ. ಹುಬ್ಬಳ್ಳಿಯಲ್ಲಿ ನರ್ಸ್ ಕೆಲಸ ಕಲಿತವಳು. ಅಲ್ಲಿಂದ ಕೊಲ್ಲಿ ದೇಶ, ಕೊಲ್ಲಿಯಿಂದ ಕೆನಡಾ. ಅವಳ ಮೊದಲ ಹೆರಿಗೆಗೆ ಅವ್ವ ಮೊದಲ ಸಲ ಹೋದಳು. ಓದು ಬಾರದವಳು, ಒಬ್ಬಳೇ. ಅಕ್ಕನ ಹೆಸರು, ಫೋನ್ ನಂಬರು ಬರೆದ ರಟ್ಟನ್ನು ಕೊರಳಿಗೆ ಹಾಕಿದ್ದೆ. ವಿಮಾನ ಹತ್ತುವ ಮೊದಲೇ ಅದನ್ನು ತೆಗೆದು ಸಂಚಿಗೆ ಹಾಕಿಕೊಂಡಳಂತೆ. "ನಾ ಏನು ಸಂತಿಗೆ ಹೊಂಟ ಆಡೇನು, ಕೊಳ್ಳಾಗ ಚೀಟಿ ಕಟ್ಟಾಕ?" ಎಂದು ಆಮೇಲೆ ಫೋನಿನಲ್ಲಿ ಬೈದಳು.

ಅಲ್ಲಿ ಇಳಿದಾಗ ಒಬ್ಬ ಎತ್ತರದ ಅಧಿಕಾರಿಣಿ ಸಂಚಿ ಬಿಚ್ಚಿಸಿ, ಅಡಿಕೆ ಬಿಟ್ಟು, ಎಲೆಯನ್ನೆಲ್ಲ ತೆಗೆದುಕೊಂಡಳು. ಹಸಿರು ಇದ್ದದ್ದು ಒಳಗೆ ಬರುವಂತಿಲ್ಲವಂತೆ. ಎಲೆಯ ಕಿಸೆ ಖಾಲಿಯಾಯಿತು. ಖಾಲಿ ಕಿಸೆ ಅವ್ವನಿಗೆ ಸೇರದು. ಕೈಯಲ್ಲಿದ್ದ ಪಾಸ್‌ಪೋರ್ಟನ್ನು ಅದರಲ್ಲಿ ತುರುಕಿದಳು. ಅಳತೆ ತೆಗೆದು ಹೊಲಿದಂತೆ ಕೂತಿತು. ಅವತ್ತಿನಿಂದ ಪಾಸ್‌ಪೋರ್ಟಿನ ಜಾಗ ಎಲೆಯ ಕಿಸೆ.

ಇನ್ನು ಖಾಯಂ ಎಂಬ ಮಾತಿನ ಕತೆ. ಅದಕ್ಕೆ ಅಪ್ಪನಿಂದ ಶುರು ಮಾಡಬೇಕು.

ಅಪ್ಪ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಯಾವ ಕಚೇರಿ ಎಂಬುದು ಬೇಡ. ಹಂಗಾಮಿ ಜವಾನ. ಹಂಗಾಮಿ ಎಂದರೆ ಇವತ್ತು ಇದ್ದು ನಾಳೆ ಬೇಡವೆನಿಸಿಕೊಳ್ಳಬಹುದಾದವನು. ಅವನ ಜೊತೆಗೆ ಸೇರಿದವರು, ಆಮೇಲೆ ಸೇರಿದವರು ಖಾಯಂ ಆದರು. ಅಪ್ಪನ ಫೈಲು ಮಾತ್ರ ಊರೂರು ತಿರುಗುತ್ತಿತ್ತು. "ಫೈಲು ಧಾರವಾಡಕ್ಕ ಹೋಗೇತಿ," ಎನ್ನುತ್ತಿದ್ದ, ಮಗ ಓದಲು ಹೋಗಿದ್ದಾನೆ ಎನ್ನುವ ಹಾಗೆ. ಗದಗ ಜಿಲ್ಲೆಯಾದ ದಿನ ಲಕ್ಷ್ಮೇಶ್ವರದಲ್ಲಿ ಪಟಾಕಿ ಹಾರಿಸಿದರು. ಅಪ್ಪ ಹೊಸ ಧೋತರ ಉಟ್ಟು ಬಂದು, "ಫೈಲು ಧಾರವಾಡ ಬಿಟ್ಟು ಸನೇಕ ಬಂತು ನೋಡ," ಎಂದ. ನಾವಿಬ್ಬರೂ ಮಕ್ಕಳು ದಿನಾ ಶಾಲೆಯಿಂದ ಬಂದು "ಅಪ್ಪಾ ಖಾಯಂ ಆದೇನು?" ಎಂದು ಕೇಳಿಕೇಳಿ ಬೆಳೆದವರು, ಅಷ್ಟೊತ್ತಿಗೆ ಕೇಳುವುದನ್ನು ಬಿಟ್ಟಿದ್ದೆವು. ಫೈಲು ಮನೆ ಮುಟ್ಟಲಿಲ್ಲ. ಅಪ್ಪ ಹಂಗಾಮಿಯಾಗಿಯೇ ಹೋದ.

ಅಕ್ಕ ಅವ್ವನನ್ನು ತನ್ನ ಬಳಿ ಇಟ್ಟುಕೊಳ್ಳಲು ಆ ದೇಶದವರಿಗೆ ಅರ್ಜಿ ಹಾಕಿದ್ದಳು. ಅದು ಬರಲು ವರ್ಷಗಳೇ ಹಿಡಿದವು. ಎರಡನೇ ಸಲ ಅವ್ವ ಹೋಗಿದ್ದಾಗ ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು. "ಅವ್ವನ ಕಾರ್ಡ್ ಬಂತವಾ. ಇನ್ನ ಅಕಿ ಇಲ್ಲಿ ಪರ್ಮನೆಂಟ್." ಅಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡಳು.

"ಲೇ, ನಾ ಖಾಯಂ ಆದ್ನಿ! ನಿಮ್ಮಪ್ಪಗ ಆಗಲಾರದ್ದು ನನಗ ಆತು ನೋಡ!"

ಪೇಟೆಗೆ ಹೋಗಿ ಪೇಢೆ ತಂದು ಓಣಿಗೆಲ್ಲ ಹಂಚಿದೆ. ಎಲ್ಲರಿಗೂ ಒಂದೇ ಮಾತು: "ನಮ್ಮವ್ವ ಖಾಯಂ ಆದ್ಲು." ಪಕ್ಕದ ಮನೆಯ ಹಸೀನಾ ಚಾಚಿ ಬಳೆ ವ್ಯಾಪಾರದವರು, ಅವ್ವನ ಜೊತೆ ಎಲೆ ಹಂಚಿಕೊಂಡು ತಿನ್ನುವ ಗೆಳತಿ. ಪೇಢೆ ಬಾಯಿಗೆ ಹಾಕಿಕೊಂಡು, "ಯಾ ಅಲ್ಲಾ, ಈ ವಯಸ್ಸಿನ್ಯಾಗ ಖಾಯಂ ಆದ್ಲೇನ? ಪಗಾರ ಎಷ್ಟಂತ?" ಎಂದರು. ನೌಕರಿಯಲ್ಲ, ಅಲ್ಲಿ ಇರುವುದಕ್ಕೆ ಖಾಯಂ ಎಂದು ಎಷ್ಟು ಬಿಡಿಸಿ ಹೇಳಿದರೂ ಓಣಿಗೆ ತಿಳಿಯಲಿಲ್ಲ. "ಇರಾಕ ಏನು ಖಾಯಂ? ಮನಷ್ಯಾ ಇದ್ರ ಇದ್ದಂಗ," ಎಂದರು ಚಾಚಿ. ಕೆಲವರು ಇವತ್ತಿಗೂ ಅವ್ವ ಕೆನಡಾದ ಸರ್ಕಾರಿ ನೌಕರಿಯಲ್ಲಿದ್ದಳು ಎಂದೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಪೇಢೆ ಹಂಚಿದವಳು ನಾನೇ. ಆದರೆ ಖಾಲಿ ತಟ್ಟೆ ತೊಳೆಯುವಾಗ ಒಂದು ಮಾತು ಹೊಳೆದು ಹೊಟ್ಟೆ ಉರಿಯಿತು. ಅಕ್ಕನ ಮನೆಯಲ್ಲಿ ಖಾಯಂ ಆದಳು ಎಂದರೆ ನನ್ನ ಮನೆಯಲ್ಲಿ ಹಂಗಾಮಿ ಆದಳು ಎಂದಲ್ಲವೇ? ಮುಂದಿನ ಸಲ ಅವ್ವ ಬಂದಾಗ ಕೇಳಿಯೂ ಬಿಟ್ಟೆ. ಅವ್ವ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಇಲ್ಲಿಗೆ ಬರಾಕ ನನಗ ಪಾಸ್‌ಪೋರ್ಟ್ ಒಂದು ಸಾಕಂತ. ತಿರುಗಿ ಅಲ್ಲಿಗೆ ಹೋಗಾಕ ಆ ಕಾರ್ಡ್ ಬೇಕಂತ. ತವರಮನಿಗೆ ಬರಾಕ ಯಾರರ ಚೀಟಿ ಕೇಳ್ತಾರೇನ? ತಿರುಗಿ ಗಂಡನ ಮನಿಗೆ ಹೋಗಾಕ ಕೇಳ್ತಾರ. ತಿಳೀತಿಲ್ಲ?"

ತಿಳಿಯಿತು ಎಂದೆ. ಪೂರ್ತಿ ತಿಳಿದಿರಲಿಲ್ಲ.

ಆ ಕಾರ್ಡನ್ನು ಅವ್ವ "ಖಾಯಂ ಚೀಟಿ" ಎನ್ನುತ್ತಿದ್ದಳು. ಗಟ್ಟಿ ಪ್ಲಾಸ್ಟಿಕ್ಕಿನದು, ಅವ್ವನ ಫೋಟೋ ಇದ್ದದ್ದು. ಅದಕ್ಕೆ ಅಡಿಕೆಯ ಕಿಸೆ. ಲವಂಗದ ಕಿಸೆಯಲ್ಲಿ ಲವಂಗದ ಜೊತೆ ಬಸ್ಸಿನ ಟಿಕೆಟ್ಟುಗಳು. ಇದಕ್ಕೂ ಒಂದು ಹಿಂದಿನ ಕತೆ ಇದೆ, ಅದರಲ್ಲಿ ತಪ್ಪು ನನ್ನದು.

ನನಗೆ ಆಗ ಐದೋ ಆರೋ ವರ್ಷ. ಶಿರಹಟ್ಟಿ ಮೇಲೆ ಹಾದು ಲಕ್ಷ್ಮೇಶ್ವರಕ್ಕೆ ಬರುವ ಬಸ್ಸಿನಲ್ಲಿ ಅವ್ವನ ತೊಡೆಯ ಮೇಲೆ ಕುಳಿತಿದ್ದೆ. ಅವ್ವ ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದಳು. ನಾನು ಅದನ್ನು ಸುರುಳಿ ಸುತ್ತಿ ಪೀಪಿ ಮಾಡಿ ಊದಿದೆ. ಊದಿದ್ದಲ್ಲದೆ ತುದಿ ಕಚ್ಚಿ ಜಗಿದೆ. ಆಗಲೇ ಚೆಕಿಂಗಿನವರು ಹತ್ತಿದರು. ಬಸ್ಸಿನವರೆಲ್ಲ ನೋಡುತ್ತಿದ್ದಂತೆ ಅವ್ವ ಎದ್ದು ನಿಂತು ನನ್ನ ಬಾಯಿಗೆ ಬೆರಳು ಹಾಕಿ ಆ ತೊಯ್ದ ಸುರುಳಿ ತೆಗೆದು, ಬಿಚ್ಚಿ, ಸೀರೆಯ ಸೆರಗಿಗೆ ಒತ್ತಿ ತೋರಿಸಿದಳು. ಅಂಕಿ ಅಳಿಸಿತ್ತು. ಚೆಕಿಂಗಿನವರು ಬಿಟ್ಟರು, ಆದರೆ ಹಿಂದೆ ಯಾರೋ "ಟಿಕೆಟ್ ಇಲ್ಲದಾಕಿ" ಎಂದರು. ಅವತ್ತಿನಿಂದ ಅವ್ವ ಬಸ್ ಟಿಕೆಟ್ಟನ್ನು ಇಳಿದ ಮೇಲೂ ಎಸೆಯುತ್ತಿರಲಿಲ್ಲ. ಸಂಚಿಗೆ ಹಾಕುವಳು. ಸಂಚಿ ತುಂಬಿದರೆ ಒಂದು ಬಿಸ್ಕತ್ತಿನ ಡಬ್ಬಿಗೆ.

ಕೆನಡಾದಲ್ಲೂ ಅದೇ. ಮೊಮ್ಮಗಳನ್ನು ಶಾಲೆಗೆ ಬಿಡಲು ದಿನಾ ಬಸ್ಸು. ಅಲ್ಲಿ ಕ್ಯಾಲೆಂಡರಿನ ಹಾಗೆ ತಾರೀಖು, ವೇಳೆ ಒತ್ತಿದ ಸಣ್ಣ ಚೀಟಿ ಕೊಡುತ್ತಾರಂತೆ. "ಇಲ್ಲಿ ಯಾರೂ ಚೆಕ್ ಮಾಡೂದಿಲ್ಲಬೇ, ಒಗಿ," ಎಂದು ಅಕ್ಕ ಬೈದರೆ, "ಇವತ್ತ ಮಾಡಿಲ್ಲ. ನಾಳೆ ಬಂದ್ರ?" ಎಂದು ಇಟ್ಟುಕೊಳ್ಳುವಳು. ಡ್ರೈವರನಿಗೆ ಇಳಿಯುವಾಗ "ಬರ್ತೀನ್ರೀ" ಎನ್ನದೆ ಇಳಿಯುವವಳಲ್ಲ.

ಮೂರನೆಯ ಸಲ ಅವ್ವ ಬಂದದ್ದು ನನಗಾಗಿ. ನನಗೆ ಗರ್ಭಚೀಲದ ಆಪರೇಶನ್ ಆಯಿತು. ಎರಡು ತಿಂಗಳು ಅವ್ವ ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಮಷಿನ್ನಿಗೆ ದುಪ್ಪಟಿ ಹೊಚ್ಚಿ, "ಇದಕ್ಕೂ ಆಪರೇಶನ್ ಆಗೇತಿ, ಮಲಗ್ಲಿ," ಎಂದಳು. ಅಕ್ಕನಿಗೆ ಆಗ ಎರಡನೆಯ ಬಸಿರು, ವಯಸ್ಸಾದ ಮೇಲಿನದು. ಡಾಕ್ಟರು ಹುಷಾರಾಗಿರಲು ಹೇಳಿದ್ದರು. ನಾನು ಎದ್ದು ಓಡಾಡುವಂತಾದ ಮೇಲೆ, ಅವಳ ಹೆರಿಗೆಗೆ ಮೊದಲು, ಅವ್ವ ಅಲ್ಲಿ ಮುಟ್ಟಬೇಕು ಎಂದು ಲೆಕ್ಕ.

ನಾನು ಎದ್ದ ಸಂಭ್ರಮಕ್ಕೆ ಅವ್ವನಿಗೆ ಏನಾದರೂ ಕೊಡಿಸಬೇಕು ಎನಿಸಿತು. ಅವಳ ಸುಣ್ಣದ ಹಿತ್ತಾಳೆ ಡಬ್ಬಿ ನಮ್ಮಜ್ಜಿಯ ಕಾಲದ್ದು, ಕಪ್ಪಾಗಿತ್ತು. ಪೇಟೆಯಿಂದ ಗುಲಾಬಿ ಬಣ್ಣದ ಹೊಸ ಪ್ಲಾಸ್ಟಿಕ್ ಡಬ್ಬಿ ತಂದೆ. ಅವ್ವ ಮುಚ್ಚಳ ತಿರುಗಿಸಿ ನೋಡಿ, "ಸಡಲ ಐತಿ," ಎಂದಳು. "ಏನೂ ಆಗೂದಿಲ್ಲ ಬಿಡಬೇ," ಎಂದೆ. ನನ್ನ ಮನಸ್ಸು ನೋಯಬಾರದೆಂದು ಅವ್ವ ಅದನ್ನೇ ಹಾಕಿಕೊಂಡಳು.

ಹೊರಡಲು ತಿಂಗಳು ಉಳಿದಾಗ ಅವ್ವ ಕಟ್ಟೆಯ ಮೇಲೆ ಕುಳಿತು ಕೂಗಿದಳು. "ಲೇ, ಬಾ ಇಲ್ಲಿ. ನನ್ನ ಮಾರಿ ಎಲ್ಲಿ ಹೋತು ನೋಡ."

ಖಾಯಂ ಚೀಟಿ ಅವಳ ಅಂಗೈಯಲ್ಲಿತ್ತು. ಡಬ್ಬಿಯಿಂದ ಒಸರಿದ ಸುಣ್ಣ ಪಕ್ಕದ ಕಿಸೆಗೆ ಇಳಿದು ವಾರಗಟ್ಟಲೆ ಅದನ್ನು ತಿಂದಿತ್ತು. ಫೋಟೋ ಇದ್ದಲ್ಲಿ ವಿಭೂತಿ ಬಳಿದಂತೆ ಬಿಳಿ. ಒರೆಸಿದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ; ಉಳಿದಿದ್ದ ಅಕ್ಷರಗಳೂ ಹೋದವು.

ಅಕ್ಕ ಫೋನಿನಲ್ಲಿ ಇಬ್ಬರನ್ನೂ ಬೈದಳು. "ಕಾರ್ಡ್ ಇಲ್ಲಂದ್ರ ವಿಮಾನದಾಗ ಹತ್ತಿಸಿಕೊಳ್ಳೂದಿಲ್ಲ. ತಿರುಗಿ ಬರಾಕಂತನ ಬ್ಯಾರೆ ಕಾಗದ ಐತಿ. ಬೆಂಗಳೂರಾಗ ಅರ್ಜಿ ಕೊಡಬೇಕು. ಐದು ವರ್ಷದಾಗ ಎರಡು ವರ್ಷ ಇಲ್ಲಿ ಇದ್ದೆ ಅಂತ ತೋರಿಸಬೇಕು. ಕೊಟ್ರ ಕೊಟ್ರು, ಇಲ್ಲಂದ್ರ ಇಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಅವ್ವ ಇಲ್ಲದ ನಾ ಹ್ಯಾಂಗ ಹಡೀಲಿ?" ಎಂದಳು. ನೂರಾರು ಬಾಣಂತಿಯರನ್ನು ನೋಡಿದ ನರ್ಸ್ ಆಡುವ ಮಾತೇ ಅದು?

ನಾಚಿಕೆಯ ಮಾತು, ಆದರೂ ಬರೆಯುತ್ತೇನೆ. ಫೋನ್ ಇಟ್ಟ ಮೇಲೆ ನನಗೆ ಒಳಗೊಳಗೇ ಹಿಗ್ಗಾಯಿತು. ಕಾಗದ ಸಿಗದಿದ್ದರೆ ಅವ್ವ ನನ್ನ ಹತ್ತಿರ ಉಳಿಯುತ್ತಾಳೆ. ಅವತ್ತು ಅವಳಿಗಿಷ್ಟವೆಂದು ಹೋಳಿಗೆ ಮಾಡಿದೆ. ಅವ್ವ ಒಂದನ್ನು ಅರ್ಧ ತಿಂದು ತಟ್ಟೆ ಸರಿಸಿದಳು. "ಅಕಿ ಒಬ್ಬಾಕಿ ಅದಾಳ," ಎಂದಳು. ಉಳಿದ ಹೋಳಿಗೆಯನ್ನು ನಾನು ಮುಚ್ಚಿಟ್ಟೆ.

ಮರುದಿನ ಗದಗಿನ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದೆ. ಕಾರ್ಡು ಹಾಳಾದದ್ದು ಹೇಗೆ ಎಂಬಲ್ಲಿ ಅಂಗಡಿಯವ ಪೆಚ್ಚಾಗಿ ಕುಳಿತ. ಸುಣ್ಣಕ್ಕೆ ಇಂಗ್ಲಿಷಿನಲ್ಲಿ ಲೈಮ್ ಎನ್ನುತ್ತಾರೆ ಎಂದು ನಾನೇ ಹೇಳಿಕೊಟ್ಟೆ. ಮೆಟ್ರಿಕ್ ವಿಜ್ಞಾನದಲ್ಲಿ ಕಲಿತದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತಲ್ಲ ಎಂದು ಬೆಟಗೇರಿ ಮುಟ್ಟುವವರೆಗೂ ಹೆಮ್ಮೆಪಟ್ಟುಕೊಂಡೆ.

ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಕಿಟಕಿಯಾಚೆ ಒಬ್ಬ ಹುಡುಗಿ ಕುಳಿತಿದ್ದಳು. ಕಾಗದಗಳನ್ನು ತಿರುವಿ ತಿರುವಿ ಅವ್ವನ ಮುಖ ನೋಡಿದಳು.

"ಅಮ್ಮಾ, ನಿಂಬೆಹಣ್ಣಿಂದ ಕಾರ್ಡ್ ಹಾಳಾಯ್ತು ಅಂತ ಬರೆದಿದೀರಲ್ಲ? ಹೇಗೆ?"

ಅವ್ವ ನನ್ನ ಕಡೆ ತಿರುಗಿದಳು. "ಏನಂತಾಳಬೇ ಈಕಿ? ನಾ ಏನು ಕಾರ್ಡಿಂದು ಉಪ್ಪಿನಕಾಯಿ ಹಾಕೀನೇನು?"

ನನ್ನ ಮೆಟ್ರಿಕ್ ಇಂಗ್ಲಿಷು ಅಲ್ಲೇ ನೆಲಕ್ಕೆ ಬಿತ್ತು. ಲೈಮ್ ಎಂದರೆ ನಿಂಬೆಹಣ್ಣೂ ಹೌದಂತೆ. ನಾನು ತೊದಲುತ್ತಿದ್ದೆ. ಅವ್ವ ಸೊಂಟದಿಂದ ಸಂಚಿ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಟ್ಟಳು. "ಇದು ಎಲಿ ಕಿಸೆ, ಇದು ಅಡಿಕಿ ಕಿಸೆ, ಇದು ಸುಣ್ಣದ್ದು. ಸುಣ್ಣ ನಾಲಿಗೀನ ಬಿಡೂದಿಲ್ಲ, ಕಾರ್ಡ್ ಬಿಡತೈತೇನ ತಂಗಿ?" ಹುಡುಗಿ ಸಂಚಿಯ ಬಾಯಿಗೆ ಮೂಗು ತಂದಳು. "ನಮ್ಮಜ್ಜಿ ಹತ್ರಾನೂ ಇತ್ತು," ಎಂದಳು. ಕಾರಣವನ್ನು ತಾನೇ ಬೇರೆ ಹಾಳೆಯಲ್ಲಿ ಬಿಡಿಸಿ ಬರೆದುಕೊಟ್ಟಳು.

"ಅಲ್ಲಿ ಎರಡು ವರ್ಷ ಇದ್ರಿ ಅನ್ನೋದಕ್ಕೆ ಏನಾದ್ರೂ ಇದ್ಯಾ?"

ಅಕ್ಕ ಕಳಿಸಿದ ಕಾಗದಗಳನ್ನು ಕೊಟ್ಟೆ. ಅವ್ವನಿಗೆ ಅದು ಸಾಕೆನಿಸಲಿಲ್ಲ. ಲವಂಗದ ಕಿಸೆಗೆ ಬೆರಳು ಹಾಕಿದಳು, ಕೈಚೀಲದಿಂದ ಟಿಕೆಟ್ಟಿನ ಡಬ್ಬಿ ತೆಗೆದಳು, ಎಲ್ಲವನ್ನೂ ಕಟ್ಟೆಯ ಮೇಲೆ ಸುರಿದಳು. ನೂರಾರು ಬಸ್ ಚೀಟಿ. ಒಂದೊಂದರ ಮೇಲೂ ತಾರೀಖು. ಇಡೀ ಕೋಣೆ ಲವಂಗದ ವಾಸನೆ.

"ಅಯ್ಯೋ, ಇದೆಲ್ಲ ಬೇಡಮ್ಮಾ."

"ತಗೊಳವಾ. ನಾ ಎಂದೂ ಟಿಕೆಟ್ ಇಲ್ಲದ ಕುಂತಾಕಿ ಅಲ್ಲ."

ಸಾಲಿನಲ್ಲಿ ನಿಂತ ಸೂಟುಬೂಟಿನವರೆಲ್ಲ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ನಾಚಿಕೆಯಿಂದ ಸೆರಗು ಕಚ್ಚುತ್ತಿದ್ದೆ. ಅವತ್ತು ಕತ್ತೆತ್ತಿ ನಿಂತೆ. ಹುಡುಗಿ ನಕ್ಕು ಒಂದು ಹಿಡಿ ಚೀಟಿಗಳನ್ನು ಜೋಡಿಸಿ ನಕಲು ತೆಗೆದುಕೊಂಡಳು. ಕಡೆಗೆ, ಕಾಗದದಲ್ಲಿದ್ದ ಪ್ರಶ್ನೆಯೋ ಅವಳದೇ ಕುತೂಹಲವೋ, "ವಾಪಸ್ ಹೋಗಲೇಬೇಕಾ ಅಮ್ಮಾ? ಇಲ್ಲೂ ಮಗಳಿದಾರಲ್ಲ?" ಎಂದಳು.

ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಈಕಿದು ಮುಗೀತು. ಎದ್ದು ಅಡ್ಡಾಡಾಕತ್ಯಾಳ. ಅಕಿದು ಬಾಕಿ ಐತಿ."

ಅಷ್ಟೇ. ಖಾಯಂ, ಹಂಗಾಮಿ ಎಂದು ನಾನು ತೂಗಿ ನೋಡುತ್ತಿದ್ದ ತಕ್ಕಡಿಯನ್ನು ಅವ್ವ ಯಾವತ್ತೂ ಕೈಯಲ್ಲಿ ಹಿಡಿದೇ ಇರಲಿಲ್ಲ.

ಮಧ್ಯಾಹ್ನ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕುಳಿತಾಗ ನನಗೆ ತಡೆಯಲಾಗಲಿಲ್ಲ. "ಅವ್ವಾ, ಕಾರ್ಡ್ ಕೆಟ್ಟದ್ದು ನನಗ ಒಳಗ ಚಲೋ ಅನಸಿತ್ತು," ಎಂದೆ.

"ಗೊತ್ತೈತಿ. ಹೋಳಿಗಿ ಮಾಡಿದ್ಯಲ್ಲ." ರೊಟ್ಟಿ ಮುರಿದು ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು. "ನೀ ಸಣ್ಣಾಕಿದ್ದಾಗ ಟಿಕೆಟ್ ಪೀಪಿ ಮಾಡಿದಾಕಿ. ದೊಡ್ಡಾಕಿ ಆಗಿ ಕಾರ್ಡ್ ತಿನಿಸಿದಿ. ತಿನ್ನು, ಗಾಡಿ ಬರತೈತಿ."

ಹದಿನೆಂಟು ದಿನ ಕಾದೆವು. ಪಾಸ್‌ಪೋರ್ಟು ಮರಳಿ ಬಂತು, ಒಳಗೆ ಅವ್ವನ ಫೋಟೋ ಇದ್ದ ಚೀಟಿ ಅಂಟಿಸಿತ್ತು. ಒಂದು ಸಲ ತಿರುಗಿ ಹೋಗಲು ಅಪ್ಪಣೆ. ಬಸ್ ಚೀಟಿಗಳನ್ನು ಯಾರಾದರೂ ನೋಡಿದರೋ ಇಲ್ಲವೋ ದೇವರಿಗೇ ಗೊತ್ತು. ಅವ್ವನ ಮಟ್ಟಿಗೆ ಅವೇ ಕೆಲಸ ಮಾಡಿದವು. "ಚೆಕಿಂಗ್ ಬಂತು, ನಾ ತೋರಿಸಿದೆ," ಎಂದು ಹಸೀನಾ ಚಾಚಿಗೆ ಹೇಳಿದಳು. ನಾನು ಸಂಚಿಯ ಹೊರಮೈಗೆ ರೆಕ್ಸಿನ್ ಒಳಪದರದ ಐದನೆಯ ಕಿಸೆ ಹೊಲಿದೆ, ಸುಣ್ಣಕ್ಕಂತಲೇ ಬೇರೆ. ಹಿತ್ತಾಳೆ ಡಬ್ಬಿಯನ್ನು ತಿಕ್ಕಿ ತೊಳೆದು ಅದರಲ್ಲಿಟ್ಟೆ. ಅವ್ವ ಅಕ್ಕನ ಮನೆ ಮುಟ್ಟಿದ ಹನ್ನೊಂದನೆಯ ದಿನ ಎರಡನೆಯ ಮೊಮ್ಮಗಳು ಹುಟ್ಟಿದಳು.

ಅಲ್ಲಿ ಹೊಸ ಖಾಯಂ ಚೀಟಿ ಮಾಡಿಸಿಕೊಂಡು, ಆಮೇಲೆ ಇನ್ನೊಂದು ಸಲ ಬಂದು ಹೋದಳು. ಹೋದ ವರ್ಷ ಅಲ್ಲಿ ಒಂದು ಬೆಳಿಗ್ಗೆ ಸಣ್ಣ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬಂದು, ಚಹಾ ಕುಡಿದು, ಗೋಡೆಗೆ ಒರಗಿ ಕುಳಿತವಳು ಏಳಲಿಲ್ಲ. ನಾನು ಹೋಗುವ ಹಾಗಿರಲಿಲ್ಲ; ನನ್ನ ಬಳಿ ಪಾಸ್‌ಪೋರ್ಟೇ ಇಲ್ಲ. ಹತ್ತಾರು ಅಳತೆಯ ಪುಸ್ತಕ ಇಟ್ಟವಳು ಅದೊಂದು ಪುಸ್ತಕ ಮಾಡಿಸಿಕೊಂಡಿರಲಿಲ್ಲ. ಅವ್ವನನ್ನು ಅಲ್ಲಿಯ ಮಣ್ಣಿಗೇ ಕೊಟ್ಟರು. ಫೋನಿನಲ್ಲಿ ನೋಡಿದೆ. ಮಣ್ಣಿನ ಸುತ್ತ ಹಿಮ.

ಮೂರು ತಿಂಗಳ ಮೇಲೆ ಅಕ್ಕ ಬಂದಳು. ಖಾಯಂ ಚೀಟಿಯನ್ನು ಆ ದೇಶದವರಿಗೆ ಮರಳಿ ಕಳಿಸಿದ್ದಳು. ಪಾಸ್‌ಪೋರ್ಟನ್ನು ಅಲ್ಲಿರುವ ನಮ್ಮ ದೇಶದ ಕಚೇರಿಯವರು ಮೂಲೆ ಕತ್ತರಿಸಿ ಕೊಟ್ಟಿದ್ದರು. ಸಂಚಿಯನ್ನು ನನ್ನ ಮಡಿಲಿಗೆ ಹಾಕಿ ಒಂದು ಮಾತು ಹೇಳಿದಳು. ಮಣ್ಣಿಗೆ ಬಂದವರಲ್ಲಿ ಗುರುತಿಲ್ಲದ ಒಬ್ಬ ಇದ್ದನಂತೆ. ದೊಡ್ಡ ಆಳು, ಟೋಪಿಯನ್ನು ಕೈಯಲ್ಲಿ ಹಿಡಿದು ಹಿಂದೆ ನಿಂತಿದ್ದ. ಅವ್ವ ದಿನಾ ಹತ್ತುತ್ತಿದ್ದ ಬಸ್ಸಿನ ಡ್ರೈವರ್. ಎಲ್ಲರೂ ಮಣ್ಣು ಹಾಕಿದ ಮೇಲೆ ಅವನೂ ಒಂದು ಹಿಡಿ ಹಾಕಿ, ಬಗ್ಗಿ, ತನಗೆ ಬಂದಂತೆ ಅಂದನಂತೆ: "ಬರ್ತಿನ್ರಿ."

ಅಕ್ಕ, ನಾನು ಇಬ್ಬರೂ ಆಗ ಅತ್ತೆವು. ಅತ್ತು ಮುಗಿದ ಮೇಲೆ ಇಬ್ಬರಿಗೂ ನಗು ಬಂತು. ಒಂದು ದೇಶಕ್ಕೆ ಹೋಗಿ ಅಲ್ಲಿಯವರ ಒಂದಕ್ಷರವನ್ನೂ ಕಲಿಯದೆ, ತನ್ನ ಮಾತನ್ನೇ ಅವರಿಗೆ ಕಲಿಸಿ ಬಂದವಳು ಇನ್ನೊಬ್ಬಳಿದ್ದರೆ ತೋರಿಸಿ.

ಮೊನ್ನೆ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿ ಇಲ್ಲಿಯವಳೇ ಎಂದು ಖಾತ್ರಿ ಮಾಡಿದರೆ ಸೊನ್ನೆಯ ಟಿಕೆಟ್ ಕೊಡುತ್ತಾರೆ. ಕಾರ್ಡನ್ನೂ ಟಿಕೆಟ್ಟನ್ನೂ ಎಲ್ಲಿಡಲಿ ಎಂದು ಅವತ್ತು ಮೊದಲ ಸಲ ಸಂಚಿಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಶಿರಹಟ್ಟಿ ದಾಟಿದ ಮೇಲೆ ಚೆಕಿಂಗ್ ಬಂತು. ನಾನು ಸಂಚಿಗೆ ಕೈ ಹಾಕಿ ಸಿಕ್ಕಿದ ಟಿಕೆಟ್ಟು ಕೊಟ್ಟೆ.

ಚೆಕಿಂಗಿನವರು ಅದನ್ನು ಬೆಳಕಿಗೆ ಹಿಡಿದರು. "ಇದೇನಬೇ? ಎಲ್ಲಾ ಇಂಗ್ಲಿಷಿನ್ಯಾಗ ಐತಿ. ಯಾವ ಬಸ್ಸಿಂದಿದು?"

"ತಪ್ಪಾತ್ರಿ. ಅದು ನಮ್ಮವ್ವಂದು. ಕೆನಡಾದಾಗಿನ ಬಸ್ಸಿಂದು."

ಹಿಂದಿನ ಸೀಟಿನ ಇಬ್ಬರು ಹೆಣ್ಣುಮಕ್ಕಳು ಮುಂದಕ್ಕೆ ಬಾಗಿದರು. ಬಸ್ಸಿನವರೆಲ್ಲ ನೋಡುತ್ತಿದ್ದರು, ಆವತ್ತು ಅವ್ವನನ್ನು ನೋಡಿದ ಹಾಗೆಯೇ.

"ಕೆನಡಾದಾಗ ಇದ್ರೇನು ನಿಮ್ಮವ್ವ?" ಎಂದರು ಚೆಕಿಂಗಿನವರು.

ಇದ್ಲರಿ ಎನ್ನಲು ಬಾಯಿ ತೆರೆದೆ.

"ಅದಾಳ್ರಿ," ಎಂದೆ, ಹಿಂದಿನ ಸೀಟಿಗೂ ಕೇಳುವ ಹಾಗೆ. "ನಮ್ಮವ್ವ ಅಲ್ಲಿ ಖಾಯಂ ಅದಾಳ್ರಿ."

ಅವರು ಆ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಮರಳಿ ಕೊಟ್ಟರು. ನಾನು ನನ್ನ ಟಿಕೆಟ್ಟು ಹುಡುಕಿ ತೋರಿಸಿದೆ. ಆಮೇಲೆ ಎರಡನ್ನೂ ಲವಂಗದ ಕಿಸೆಗೆ ಹಾಕಿ ದಾರ ಎಳೆದೆ.